ಎಲೆಗೆ ನೀರು ಹಾಕಲು ಇಳಿದವಳು

ಸವಣೂರು
13 ಅಕ್ಟೋಬರ್ 2025

ಗೆಳೆಯ ಗುತ್ತೆಪ್ಪನಿಗೆ,

ಹಡಗು ಇಳಿದೆವು, ಘಟ್ಟ ಹತ್ತಿದೆವು, ಮನೆ ಸೇರಿದೆವು. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮೂವತ್ತಾರು ವರ್ಷ ರೈಲಿನ ಗಾರ್ಡ್ ಆಗಿ ಎಂಜಿನ್ನಿನ ಸದ್ದಿಗೆ ಕಿವಿ ಒಪ್ಪಿಸಿ ಬಂದವನ ಜೊತೆ ಫೋನಿನಲ್ಲಿ ಮಾತಾಡುವುದೆಂದರೆ ನನ್ನ ಮನೆಯ ಸುದ್ದಿಯನ್ನು ಸವಣೂರಿನ ಓಣಿಗೆಲ್ಲ ಸಾರಿದಂತೆ. ಕಾಗದವೇ ವಾಸಿ.

ನಮ್ಮ ಮದುವೆಗೆ ನಲವತ್ತು ವರ್ಷವಾಯಿತೆಂದು ಮಗಳು ಮಹೆಕ ಮುಂಬೈಯಿಂದ ಗೋವಾಕ್ಕೆ ಹೋಗುವ ವಿಹಾರದ ಹಡಗಿನಲ್ಲಿ ಎರಡು ರಾತ್ರಿಯ ಜಾಗ ಹಿಡಿಸಿದ್ದಳು. ಹಡಗಲ್ಲ ಅದು, ತೇಲುವ ಪೇಟೆ. ಹತ್ತುವ ಮೊದಲು ಹದಿನಾಲ್ಕು ಕಡೆ ಸಹಿ. ಅರ್ಧ ಜನ ನಮ್ಮ ಕಡೆಯವರೇ ಇದ್ದರೂ ಆ ಕಾಗದಗಳಲ್ಲಿ ಒಂದು ಸಾಲು ಕನ್ನಡವಿಲ್ಲ. ನಮ್ಮಪ್ಪ ಎಪ್ಪತ್ನಾಲ್ಕರಲ್ಲಿ ಇದೇ ದಾರಿಯಲ್ಲಿ ಸ್ಟೀಮರಿನ ಮೇಲೆ ಚಾಪೆ ಹಾಸಿಕೊಂಡು, ಬುತ್ತಿ ಬಿಚ್ಚಿ ಉಂಡು ಹೋಗಿ ಬಂದಿದ್ದ. ಯಾರೂ ಅವನ ಸಹಿ ಕೇಳಿರಲಿಲ್ಲ. ಈ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ಆದರೂ ಸಮುದ್ರ ಸಮುದ್ರವೇ. ಹಮೀದುನ್ನೀಸಾ ಎರಡು ದಿನವೂ ಕಟಾಂಜನ ಹಿಡಿದು ನಿಂತಿದ್ದಳು. ಇವಳು ವೀಳ್ಯದೆಲೆ ವ್ಯಾಪಾರದ ಮನೆಯಲ್ಲಿ ಹುಟ್ಟಿದವಳೆಂಬುದು ನಿನಗೆ ಗೊತ್ತು. ನಮ್ಮ ಸವಣೂರಿನ ಎಲೆ ಇಲ್ಲದೆ ಎಲ್ಲಿಗೂ ಹೊರಡುವವಳಲ್ಲ. ನೂರು ಎಲೆಯ ಒಂದು ಗಂಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಡಗಿಗೂ ತಂದಿದ್ದಳು. ದಿನಾ ಬೆಳಿಗ್ಗೆ ಗಂಟು ಬಿಚ್ಚಿ, ಎಲೆಗಳನ್ನು ಒಂದೊಂದಾಗಿ ತಿರುವಿ, ಕಲೆ ಬಿದ್ದದ್ದನ್ನು ತೆಗೆದು, ನೀರು ಚಿಮುಕಿಸಿ ಮತ್ತೆ ಕಟ್ಟುವುದು ಅವಳ ಅಪ್ಪ ಕಲಿಸಿದ ಶಿಸ್ತು. ಊಟದ ಮನೆಯ ಕೊಂಕಣಿ ಹುಡುಗಿಯೊಬ್ಬಳಿಗೆ ಎರಡು ಎಲೆ ಕೊಟ್ಟದ್ದಕ್ಕೆ ಅವಳು ನಮ್ಮ ಟೇಬಲ್ಲು ಬಿಟ್ಟು ಕದಲಲಿಲ್ಲ.

ಈಗ ನಡೆದ ಅನ್ಯಾಯಕ್ಕೆ ಬರುತ್ತೇನೆ. ಮಡಗಾಂವದಿಂದ ಹುಬ್ಬಳ್ಳಿಗೆ ಒಂಬತ್ತನೇ ತಾರೀಖಿನ ಬೆಳಗಿನ ಗಾಡಿ. ಘಟ್ಟದ ಬುಡದ ಕುಳೆಂ ಸ್ಟೇಷನ್ನಿನಲ್ಲಿ, ಹಿಂದಿನಿಂದ ತಳ್ಳುವ ಎಂಜಿನ್ ಜೋಡಿಸಲು ಗಾಡಿ ಬಹಳ ಹೊತ್ತು ನಿಂತಿತು. ಎಸಿ ಡಬ್ಬಿಯ ಒಣಗಾಳಿಗೆ ಎಲೆ ಬಾಡುತ್ತದೆಂದು ಇವಳು ನೀರು ಹಾಕಲು ಇಳಿದಿದ್ದಾಳೆ. ನಲ್ಲಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ. ಅಷ್ಟರಲ್ಲಿ ಗಾಡಿ ಹೊರಟಿದೆ. ಕಟ್ಟಕಡೆಯ ಡಬ್ಬಿಯ ಗಾರ್ಡ್ ಇವಳನ್ನು ತನ್ನ ಕೋಣೆಗೆ ಹತ್ತಿಸಿಕೊಂಡ. ಅದಕ್ಕೆ ಬೇಡ ಅನ್ನುವುದಿಲ್ಲ. ಆದರೆ ಒಂಬತ್ತೂ ಹತ್ತರಿಂದ ಹನ್ನೊಂದೂಕಾಲು ದಾಟುವವರೆಗೆ, ನಡುವೆ ಕ್ಯಾಸಲ್‌ರಾಕ್‌ನಲ್ಲಿ ಗಾಡಿ ನಿಂತರೂ, ಇವಳನ್ನು ನನ್ನ ಹತ್ತಿರ ಕಳಿಸಲಿಲ್ಲ, ನನಗೊಂದು ಮಾತು ತಿಳಿಸಲಿಲ್ಲ! ಗಾಡಿ ಹೊರಟ ಕೂಡಲೇ ಹುಡುಕಲು ಎದ್ದವನು ನಾನು. ಇವಳ ಫೋನು ಸೀಟಿನ ಪಕ್ಕ ಚಾರ್ಜಿಗೆ ಇತ್ತು. ಲೋಂಡಾದಲ್ಲಿ ಆತ ನಗುನಗುತ್ತ ಇವಳನ್ನು ಇಳಿಸಿದ. ನಗು! ದೂರು ಬರೆದು ರೈಲಿನ ದೊಡ್ಡ ಕಚೇರಿಗೆ ರಿಜಿಸ್ಟರ್ ಮಾಡಿದ್ದೇನೆ. ನಕಲು ಇದರೊಂದಿಗಿದೆ.

ಇಷ್ಟೆಲ್ಲ ಆದರೂ ಎಲೆಯ ಗಂಟು ಮನೆಗೆ ಬಂದಾಗ ಆಗತಾನೇ ಬಳ್ಳಿಯಿಂದ ಕಿತ್ತಂತೆ ಹಸಿಯಾಗಿತ್ತು. ಅದೊಂದು ಆಶ್ಚರ್ಯ.

ನಿನ್ನ
ಇಸ್ಮಾಯಿಲಸಾಬ


ಹಿರೇಕೆರೂರು
22 ಅಕ್ಟೋಬರ್ 2025

ಇಸ್ಮಾಯಿಲ,

ನಿನ್ನ ಕಾಗದ ಎರಡು ಸಲ ಓದಿದೆ. ತಂಗಿ ಹಮೀದುನ್ನೀಸಾ ಸುಖವಾಗಿ ಬಂದದ್ದಕ್ಕೆ ಮೊದಲು ದೇವರಿಗೆ ಕೈಮುಗಿದೆ. ಚಲಿಸುವ ಗಾಡಿಯ ಹಿಂದೆ ಓಡಿದವರ ಗತಿ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಆ ಗಾರ್ಡಿನ ಕೈ ಸರಿಯಾದ ಹೊತ್ತಿಗೆ ಮುಂದೆ ಬಂದಿದೆ. ನೀನು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿ, ಆತನ ನಗುವಿನ ಮೇಲೆ ಒಂದು ಪುಟ ದೂರು ಬರೆದಿದ್ದೀಯ.

ಎರಡು ಮಾತು ಕೇಳಲೇ? ಆ ಎರಡು ಗಂಟೆ ಹೇಗೆ ಕಳೆಯಿತೆಂದು ತಂಗಿಯನ್ನು ಕೇಳಿದೆಯಾ? ಇನ್ನೊಂದು, ಆ ದಾರಿಯಲ್ಲಿ ದೂಧಸಾಗರ ಜಲಪಾತ ಸಿಗುತ್ತದೆ. ಗಾಡಿ ಅದರ ಎದುರಿಗೇ ಹಾದುಹೋಗುತ್ತದೆ. ಈ ವರ್ಷ ಮಳೆ ಇನ್ನೂ ಬಿಟ್ಟಿರಲಿಲ್ಲ, ನೀರು ಕಂಬಿಯ ಮೇಲೇ ಸಿಡಿಯುತ್ತಿರಬೇಕು. ಹಡಗಿನ ಸಹಿಗಳನ್ನೆಲ್ಲ ಎಣಿಸಿ ಬರೆದವನು ಅದರ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ. ನೋಡಲಿಲ್ಲವೇನು?

ಮೊಣಕಾಲಿನ ಆಪರೇಷನ್ ಮುಂದಿನ ತಿಂಗಳು.

ಗುತ್ತೆಪ್ಪ


ಸವಣೂರು
2 ನವೆಂಬರ್ 2025

ಗುತ್ತೆಪ್ಪನಿಗೆ,

ಜಲಪಾತ ನೋಡಿದೆ. ಬೆಳ್ಳಗಿತ್ತು.

ದೂರಿಗೆ ಫಲ ಸಿಕ್ಕಿದೆ. ಆ ಗಾರ್ಡನ್ನು ಗಾಡಿಯಿಂದ ಇಳಿಸಿ ಕಚೇರಿಯಲ್ಲಿ ಕೂರಿಸಿದ್ದಾರಂತೆ, ವಿಚಾರಣೆ ನಡೆಸುತ್ತಾರಂತೆ. ಉತ್ತರದಲ್ಲಿ ಆತನನ್ನು ‘ಟ್ರೇನ್ ಮ್ಯಾನೇಜರ್’ ಎಂದು ಬರೆದಿದ್ದಾರೆ. ಗಾರ್ಡ್ ಎಂಬ ಹೆಸರಿಗೇನಾಗಿತ್ತು? ಕಾಯುವವನು ಎಂಬ ಅರ್ಥ ಅದರಲ್ಲೇ ಇತ್ತು. ಹೆಸರು ದೊಡ್ಡದಾದ ಮೇಲೆ ಕಾಯುವ ಕೆಲಸ ಸಣ್ಣದಾಯಿತು ನೋಡು. ಇದರ ಬಗ್ಗೆಯೂ ಪತ್ರಿಕೆಗೆ ಬರೆದೆ, ಅರ್ಧ ಕತ್ತರಿಸಿ ಹಾಕಿದ್ದಾರೆ.

ಹಮೀದುನ್ನೀಸಾಳನ್ನು ಕೇಳಿದೆಯಾ ಎಂದು ಬರೆದಿದ್ದೀಯ. ಆ ಮಾತು ತೆಗೆದರೆ ಸಾಕು, ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಅಂಥ ಹೆದರಿಕೆ ಕೂತಿದೆ ಅವಳಲ್ಲಿ. ದೂರಿಗೆ ಉತ್ತರ ಬಂತೆಂದು ಓದಿ ಹೇಳಿದಾಗ ಅವಳ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಇದಕ್ಕಿಂತ ಸಾಕ್ಷಿ ಏನು ಬೇಕು?

ಮೊಣಕಾಲು ಜೋಪಾನ.

ಇಸ್ಮಾಯಿಲಸಾಬ


ಹಿರೇಕೆರೂರು
10 ನವೆಂಬರ್ 2025

ಇಸ್ಮಾಯಿಲ,



ನೀನು ಗಾಡಿಯಿಂದ ಇಳಿಸಿದವನ ಹೆಸರು ಉಳವಪ್ಪ. ಹಾನಗಲ್ಲಿನವನು. ಕೆಲಸಕ್ಕೆ ಸೇರಿದಾಗ ಹಸಿರು ನಿಶಾನೆ ಹೇಗೆ ಹಿಡಿಯಬೇಕೆಂದು ಅವನಿಗೆ ತೋರಿಸಿದವನು ನಾನು. ಮೂವತ್ತೇಳು ವರ್ಷದಲ್ಲಿ ಒಂದು ಕಪ್ಪು ಗುರುತಿಲ್ಲ. ಡಿಸೆಂಬರ್ ಮೂವತ್ತೊಂದಕ್ಕೆ ನಿವೃತ್ತಿ. ನಮ್ಮಲ್ಲಿ ಒಂದು ಪದ್ಧತಿಯಿದೆ. ಕೊನೆಯ ದಿನ ಗಾರ್ಡ್ ತನ್ನ ಗಾಡಿಯನ್ನು ತಾನೇ ತಂದು ನಿಲ್ಲಿಸಬೇಕು. ಕೊನೆಯ ಡಬ್ಬಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಾರೆ. ಹೆಂಡತಿ ಮಕ್ಕಳು ಪ್ಲಾಟ್‌ಫಾರ್ಮಿಗೆ ಬಂದು ಕೈಹಿಡಿದು ಇಳಿಸಿಕೊಳ್ಳುತ್ತಾರೆ. ನನ್ನನ್ನು ಹಾಗೆ ಇಳಿಸಿಕೊಂಡ ದಿನ ನೀನೂ ಬಂದಿದ್ದೆ. ವಿಚಾರಣೆ ಮುಗಿಯದಿದ್ದರೆ ಉಳವಪ್ಪ ಕಚೇರಿಯ ಕುರ್ಚಿಯಿಂದ ಎದ್ದು, ಹಿಂದಿನ ಬಾಗಿಲಿನಿಂದ ಮನೆಗೆ ಹೋಗುತ್ತಾನೆ.

ಅವನನ್ನು ಕರೆಸಿ ಕೇಳಿದೆ. ನನ್ನ ಕಿವಿಗೆ ಕೇಳಲೆಂದು ಅವನು ಕೂಗಿ ಹೇಳಿದ. “ಯಾಕ ಕಳಿಸಲಿಲ್ಲೋ ಆ ತಾಯೀನ?” ಅಂದರೆ, “ಮಾತ ಕೊಟ್ಟೇನ್ರಿ ಅಣ್ಣಾರ, ಹೇಳಾಕ ಬರೂದಿಲ್ಲ” ಅಂದ. “ನೌಕರಿ ಹೋಗೂ ಹೊತ್ತಿನ್ಯಾಗ ಎಂಥಾ ಮಾತೋ?” ಅಂದೆ. “ನೌಕರಿ ಹೆಂಗೂ ಡಿಸೆಂಬರಕ್ಕ ಹೋಗತೈತ್ರಿ, ಮಾತು ಯಾಕ ಹೋಗಬೇಕು?” ಅಂತ ನಕ್ಕ. ನೀನು ಬೈದ ನಗು ಅದೇ ಇರಬೇಕು.

ಮತ್ತೊಂದು. ಗಾರ್ಡುಗಳು ಹೊತ್ತನ್ನು ಬರೆದಿಡುತ್ತಾರೆ. ಟಿಕೆಟ್ ನೋಡುವ ಟಿಟಿಯ ಹತ್ತಿರ ನೀನು ಮೊದಲು ಬಂದದ್ದು ಹನ್ನೊಂದು ಗಂಟೆಗೆ, ಕ್ಯಾಸಲ್‌ರಾಕ್ ದಾಟಿದ ಮೇಲೆ ಎಂದು ಲೋಂಡಾದಲ್ಲಿ ಟಿಟಿ ಹೇಳಿದ್ದನ್ನು ಉಳವಪ್ಪ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಒಂಬತ್ತೂ ಹತ್ತಕ್ಕೇ ಹುಡುಕಲು ಎದ್ದವನು ಹನ್ನೊಂದರವರೆಗೆ ಎಲ್ಲಿದ್ದೆ?

ತೊಂಬತ್ತೆಂಟು ನೆನಪಿದೆಯೇ? ಹೆರಿಗೆ ಬೇನೆಯ ಹೆಂಗಸೊಬ್ಬಳನ್ನು ಗೇಟಿನ ಹತ್ತಿರ ಹತ್ತಿಸಿಕೊಳ್ಳಲು ಗಾಡಿ ನಿಲ್ಲಿಸಿದೆನೆಂದು ನನ್ನನ್ನು ಮನೆಗೆ ಕಳಿಸಿದ್ದರು. ಒಂದು ತಿಂಗಳು ಬಿಡದೆ ಪತ್ರಿಕೆಗೆ ಬರೆದು ನನ್ನನ್ನು ಮತ್ತೆ ಗಾಡಿ ಹತ್ತಿಸಿದ್ದು ನಿನ್ನ ಪೆನ್ನು. ನನ್ನ ಮನೆಯಲ್ಲಿ ಇವತ್ತಿಗೂ ನಿನ್ನ ಹೆಸರು ಹೇಳದೆ ಊಟವಿಲ್ಲ. ಅದೇ ಪೆನ್ನು ಇದು ಎಂದು ನಂಬುವುದು ನನಗೆ ಕಷ್ಟವಾಗಿದೆ.

ಗುತ್ತೆಪ್ಪ


ಸವಣೂರು
15 ನವೆಂಬರ್ 2025

ಗುತ್ತೆಪ್ಪನವರಿಗೆ,

ರೈಲಿನವರು ರೈಲಿನವರ ಪರ ನಿಲ್ಲುವುದು ಸಹಜ. ತೊಂಬತ್ತೆಂಟರಲ್ಲಿ ನಾನು ಮಾಡಿದ್ದನ್ನು ಇಷ್ಟು ವರ್ಷದ ಮೇಲೆ ನನಗೇ ತಿರುಗಿಸಿ ಹೇಳುತ್ತೀರೆಂದು ತಿಳಿದಿರಲಿಲ್ಲ. ನನ್ನ ದೂರಿನ ಒಂದಕ್ಷರವೂ ಬದಲಾಗುವುದಿಲ್ಲ.

ಇಸ್ಮಾಯಿಲಸಾಬ, ನಿವೃತ್ತ ಕನ್ನಡ ಶಿಕ್ಷಕ


ಸವಣೂರು
8 ಡಿಸೆಂಬರ್ 2025

ಗುತ್ತೆಪ್ಪಣ್ಣಗೆ ನಿಮ್ಮ ತಂಗಿ ಹಮೀದುನ್ನೀಸಾ ಬೇಡಿಕೊಳ್ಳುವುದು.

ನಾನು ಏಳನೇ ಇಯತ್ತೆಯವರೆಗೆ ಓದಿದವಳು. ಕಾಗದ ಬರೆದು ಮೂವತ್ತು ವರ್ಷವಾಯಿತು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಮಾಸ್ತರು ನಿಮ್ಮ ಕಾಗದಗಳನ್ನು ಫೈಲಿಗೆ ಹಾಕಿಡುತ್ತಾರೆ. ನಿಮ್ಮದು ತಿಂಗಳಾದರೂ ಬರಲಿಲ್ಲ, ಇವರೂ ಬರೆಯಲಿಲ್ಲ. ಊಟ ಸೇರುತ್ತಿಲ್ಲ ಇವರಿಗೆ. ಏನಾಯಿತೆಂದು ಹೆದರಿ ಮೊನ್ನೆ ಫೈಲು ತೆಗೆದು ಓದಿದೆ. ಉಳವಪ್ಪ ಅನ್ನುವ ಹೆಸರು ಓದಿ ಕೂತಲ್ಲೇ ಅತ್ತೆ.

ಅಣ್ಣಾ, ಮಾತು ತೆಗೆದುಕೊಂಡವಳು ನಾನು.

ಆವತ್ತು ಓಡುವಾಗ ಆತ ಕೈ ಕೊಟ್ಟು ಎಳೆದುಕೊಂಡ. ಕೂರಿಸಿ ನೀರು ಕೊಟ್ಟ. “ಯಾವ ಡಬ್ಬಿರಿ ಅಕ್ಕಾರ? ಸೀಟಿನ ನಂಬರ ಹೇಳ್ರಿ, ಸುದ್ದಿ ಮುಟ್ಟಸ್ತೇನಿ” ಅಂದ. ನನಗೆ ಗೊತ್ತಿತ್ತು. ಬಿ ಎರಡು, ಮೂವತ್ಮೂರು. ಹೇಳಲು ಬಾಯಿ ತೆಗೆದೆ, ಅಷ್ಟರಲ್ಲಿ ಗಾಡಿ ತಿರುವಿನಲ್ಲಿ ಹೊರಳಿತು. ತೆರೆದ ಬಾಗಿಲಲ್ಲಿ ಆ ಗುಡ್ಡ ಒಮ್ಮೆಲೇ ಎದ್ದು ನಿಂತಿತು. ಅಣ್ಣಾ, ಏನು ಬರೆಯಲಿ. ನಮ್ಮ ಡಬ್ಬಿಯಲ್ಲಿ ಕಿಟಕಿ ಮುಚ್ಚಿತ್ತು, ಇವರು ಹಡಗಿನವರ ಮೇಲೆ ಪತ್ರಿಕೆಗೆ ಬರೆಯುತ್ತ ಸಾಲು ಸಾಲಿಗೂ ನನಗೆ ಓದಿ ಕೇಳಿಸುತ್ತಿದ್ದರು. ನಾನು ಎಲೆ ಹಿಡಿದು ಎದ್ದು ಹೋದದ್ದೂ ಅವರಿಗೆ ಗೊತ್ತಾಗಿರಲಿಲ್ಲ. “ಗೊತ್ತಿಲ್ರಿ ತಮ್ಮಾ, ನೆನಪ ಇಲ್ಲ” ಅಂದುಬಿಟ್ಟೆ.

ಆತ ತನ್ನ ಕುರ್ಚಿ ಬಿಟ್ಟುಕೊಟ್ಟು ನಿಂತುಕೊಂಡ. ಸುರಂಗ ಬಂದಾಗಲೆಲ್ಲ “ಹೆದರಬ್ಯಾಡ್ರಿ, ಈಗ ಬೆಳಕ ಬರತೈತಿ” ಅನ್ನುತ್ತಿದ್ದ. ಬರುತ್ತಿತ್ತು. ಜಲಪಾತದ ಮುಂದೆ ಹನಿ ಒಳಗೇ ಸಿಡಿಯಿತು. ಎಲೆಯ ಗಂಟನ್ನು ಬಾಗಿಲಿಗೆ ಹಿಡಿದೆ, ನೆನೆಯಿತು. ಮಾಸ್ತರು ಆಶ್ಚರ್ಯ ಪಟ್ಟರಲ್ಲ, ಆ ಹಸಿ ಅಲ್ಲಿಯದು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ನಾನು ಎಲೆ ಮಡಿಚಿ ಕೊಟ್ಟೆ. ಕ್ಯಾಸಲ್‌ರಾಕ್‌ನಲ್ಲಿ “ಇಳೀರಿ ಅಕ್ಕಾರ, ಮಾಸ್ತರ್ನ ಹುಡುಕೋಣು” ಅಂದ. “ಲೋಂಡಾ ತನಕ ಇಲ್ಲೇ ಕುಂದರ್ತೇನಿ, ಅವರಿಗೆ ನಾನ ಕುಂತೆ ಅಂತ ಹೇಳಬ್ಯಾಡ್ರಿ, ಮನಸಿಗೆ ಹಚ್ಚಿಕೋತಾರ” ಅಂದೆ. ಹೂಂ ಅಂದ. ಅಷ್ಟಕ್ಕೇ ಈ ಶಿಕ್ಷೆ.

ದೂರು ಕೊಟ್ಟಾಗಲೇ ಹೇಳಬೇಕಿತ್ತು. ಹೇಳಿದರೆ ಇವರು ಕುಗ್ಗಿಹೋಗುತ್ತಾರೆಂದು ಅಂಜಿದೆ. ಇವರ ಮೇಲೆ ನನಗೆ ಸಿಟ್ಟಿಲ್ಲ. ನಲವತ್ತು ವರ್ಷ ನನ್ನನ್ನು ಬಿಟ್ಟು ಒಂದು ಚಹಾ ಕುಡಿದವರಲ್ಲ. ಆದರೂ ಆ ಎರಡು ತಾಸು ನನ್ನದಾಗಿತ್ತು.

ನಿನ್ನೆ ಎಲ್ಲ ಹೇಳಿದೆ. ಇವರು ಎದ್ದರು. ಚಪ್ಪಲಿ ಮೆಟ್ಟಿಕೊಂಡು ದೊಡ್ಡಹುಣಸೆ ಮರದ ಕಡೆ ಹೋದವರು ಸಂಜೆ ಬಂದರು. ವಿಚಾರಣೆ ಹದಿನೆಂಟಕ್ಕೆ ಹುಬ್ಬಳ್ಳಿಯಲ್ಲಿ ಎಂದು ಕಾಗದ ಬಂದಿದೆ. ನಾನು ಹೋದರೆ ನನ್ನ ಮಾತು ಕೇಳುತ್ತಾರೇನಣ್ಣಾ?

ಹಮೀದುನ್ನೀಸಾ


ಹಿರೇಕೆರೂರು
12 ಡಿಸೆಂಬರ್ 2025
(ಕಾರ್ಡು)

ತಂಗೀ, ಕೇಳುತ್ತಾರೆ. ಹೋಗು. ನನಗೆ ಮೊಣಕಾಲು ಮಡಿಚಲು ಬಾರದು, ಇಲ್ಲದಿದ್ದರೆ ಜೊತೆಗೆ ಬರುತ್ತಿದ್ದೆ. ಮಾಸ್ತರನ್ನೂ ಕರೆದುಕೊಂಡು ಹೋಗು. ಬರದಿದ್ದರೆ ಒಬ್ಬಳೇ ಹೋಗು. ಹೆದರಬೇಡ, ಬೆಳಕು ಬರುತ್ತದೆ.

ಗುತ್ತೆಪ್ಪಣ್ಣ


ಸವಣೂರು
20 ಡಿಸೆಂಬರ್ 2025

ಗುತ್ತೆಪ್ಪಾ,

ಹೋಗಿದ್ದೆವು, ಇಬ್ಬರೂ. ಬಸ್ಸು ಶಿಗ್ಗಾಂವಿ ದಾಟಿತು. ಆಮೇಲೆ ಇವಳೇ, “ಏನ್ರಿ, ನಂಗ ಬೈಯೂದಿದ್ರ ಹುಬ್ಬಳ್ಳಿ ಬರೂದ್ರಾಗ ಬೈದ ಮುಗಿಸ್ರಿ, ಅಲ್ಲಿ ಸಾಹೇಬ್ರ ಮುಂದ ಬ್ಯಾಡ” ಅಂದಳು. ಬೈಯಲು ನನ್ನ ಹತ್ತಿರ ಏನಿತ್ತು?

ವಿಚಾರಣೆಯ ಅಧಿಕಾರಿ ವಯಸ್ಸಿನಲ್ಲಿ ಸಣ್ಣವರು, ಆದರೆ ಕಾಗದ ಓದಿಕೊಂಡು ಬಂದಿದ್ದರು. ಈ ಕಾಲದಲ್ಲಿ ಅದೇ ಅಪರೂಪ. ಮೂಲೆಯಲ್ಲಿ ಉಳವಪ್ಪ ನಿಂತಿದ್ದ. ನನ್ನನ್ನು ನೋಡಿ ಕೈಮುಗಿದ. ನನಗೆ ತಿರುಗಿ ಮುಗಿಯಲೂ ಕೈ ಏಳಲಿಲ್ಲ.

ಇವಳು ಕರೆಯುವ ಮೊದಲೇ ಎದ್ದಳು. “ಆತನ್ನ ಏನೂ ಅನಬ್ಯಾಡ್ರಿ. ಸೀಟಿನ ನಂಬರ ಗೊತ್ತಿದ್ದೂ ಗೊತ್ತಿಲ್ಲ ಅಂದಾಕಿ ನಾ. ಶಿಕ್ಷಾ ಕೊಡೂದಿದ್ರ ನಂಗ ಕೊಡ್ರಿ.”

“ಅಮ್ಮಾರ, ನೀವು ರೈಲಿನ ನೌಕರರಲ್ಲ. ನಿಮಗ ಶಿಕ್ಷಾ ಕೊಡಾಕ ನಮಗ ಬರೂದಿಲ್ಲ” ಎಂದರು ಅಧಿಕಾರಿ.

“ಹಂಗಾರ ಆತಗೂ ಬಿಟ್ಟಬಿಡ್ರಿ, ಲೆಕ್ಕಾ ಸರಿ ಆಕ್ಕೈತಿ” ಅಂದಳು. ಬಾಗಿಲ ಹತ್ತಿರದ ಜವಾನ ನಕ್ಕುಬಿಟ್ಟ.

ಆಮೇಲೆ ನನ್ನ ಕಡೆ ತಿರುಗಿ ನೀನು ಕೇಳಿದ್ದನ್ನೇ ಕೇಳಿದರು: “ಮಾಸ್ತರ್ರ, ಒಂಬತ್ತೂ ಹತ್ತಕ್ಕ ಹುಡುಕಾಕ ಎದ್ದೆ ಅಂತ ಬರದೀರಿ. ಹನ್ನೊಂದರ ತನಕ ಎಲ್ಲಿದ್ರಿ?”

ಐವತ್ತು ವರ್ಷದಿಂದ ಇನ್ನೊಬ್ಬರ ಸುಳ್ಳನ್ನು ಪತ್ರಿಕೆಗೆ ಬರೆದವನು ನಾನು. ಎದ್ದು ನಿಂತೆ. “ಸುಳ್ಳು ಬರದೇನ್ರಿ ಸಾಹೇಬ್ರ” ಅಂದೆ. ಗುತ್ತೆಪ್ಪಾ, ನಿನಗೂ ಹೇಳುತ್ತೇನೆ. ಕುಳೆಂನಿಂದ ಮುಕ್ಕಾಲು ತಾಸು ನಾನು ತಲೆಯೆತ್ತಲೇ ಇಲ್ಲ. ಬರೆಯುತ್ತಿದ್ದೆ. ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದೆ, ಖಾಲಿ ಸೀಟಿಗೆ. ಜಲಪಾತ ಬಂದಾಗ ಡಬ್ಬಿಯ ಜನವೆಲ್ಲ ಕೂಗಿದರು. ಆಗ ‘ನೋಡಽ’ ಎಂದು ತಲೆಯೆತ್ತಿದೆ. ಅವಳಿರಲಿಲ್ಲ. ಅದಕ್ಕೇ ಜಲಪಾತದ ಬಗ್ಗೆ ನಿನಗೆ ಬರೆಯಲಾಗಲಿಲ್ಲ. ನಾನು ನೋಡಿದ್ದು ಬೆಳ್ಳಗಿನ ಕಿಟಕಿ ಮತ್ತು ಖಾಲಿ ಸೀಟು. ಹೆಂಡತಿ ಎಲ್ಲಿ ಇಳಿದಳೆಂದೇ ಗೊತ್ತಿಲ್ಲ ಎಂದು ಟಿಟಿಗೆ ಹೇಳಲು ನಾಚಿಕೆಯಾಗಿ, ಮತ್ತೊಂದು ತಾಸು ಒಬ್ಬನೇ ಡಬ್ಬಿಯಿಂದ ಡಬ್ಬಿಗೆ ಅಲೆದೆ. ಲೋಂಡಾದಲ್ಲಿ ಅವಳು ಎಂದೂ ಇಲ್ಲದಷ್ಟು ಹಸನ್ಮುಖಿಯಾಗಿ ಇಳಿದಳು. ಆ ಮುಖ ನೋಡಿದಾಗ ಬಂದ ಸಿಟ್ಟು ಉಳವಪ್ಪನ ಮೇಲಿನದಲ್ಲ. ಆದರೆ ದೂರು ಬರೆಯಲು ಅವನ ಹೆಸರು ಸಿಕ್ಕಿತು.

ಇದೆಲ್ಲ ಅಲ್ಲೇ ಬರೆದು ಸಹಿ ಮಾಡಿಕೊಟ್ಟೆ. ಅಧಿಕಾರಿ ಉಳವಪ್ಪನಿಗೆ, “ಇನ್ನ ಮುಂದ ಹಿಂಗ ಯಾರನ್ನರ ಕೂಡಿಸಿಕೊಂಡ್ರ ಮೊದಲ ಸುದ್ದಿ ಮುಟ್ಟಿಸ್ರಿ” ಎಂದು ಬಾಯಿಮಾತಿನಲ್ಲಿ ಹೇಳಿ ಫೈಲು ಮುಚ್ಚಿದರು. ನಾಳಿದ್ದಿನಿಂದ ಅವನು ಗಾಡಿಯ ಮೇಲೆ.

ಹೊರಗೆ ಅವನ ಕೈ ಹಿಡಿದುಕೊಂಡೆ. ಅವನೇ, “ಬಿಡ್ರಿ ಮಾಸ್ತರ್ರ. ಅಕ್ಕಾರ ಕೊಟ್ಟ ಎಲಿ ಭಾಳ ಚಲೋ ಇತ್ತು” ಅಂದ.

ನಿನಗೆ ನವೆಂಬರ್ ಹದಿನೈದಕ್ಕೆ ಬರೆದ ಕಾಗದವನ್ನು ಹರಿದುಹಾಕು. ಬೇಡ, ಇಟ್ಟುಕೋ. ಇನ್ನೊಮ್ಮೆ ನನ್ನ ತಲೆ ತಿರುಗಿದಾಗ ಕಳಿಸು. ನೀನು ಉಳವಪ್ಪನ ಬಗ್ಗೆ ಆ ಕಾಗದ ಬರೆಯದಿದ್ದರೆ ಅವಳು ಅದನ್ನು ಓದುತ್ತಿರಲಿಲ್ಲ, ನಾನು ಒಬ್ಬ ಒಳ್ಳೆಯವನ ಕೊನೆಯ ಗಾಡಿಯನ್ನು ಕಸಿದುಕೊಂಡವನಾಗಿ ಸಾಯುತ್ತಿದ್ದೆ. ನಿನ್ನ ಋಣ ದೊಡ್ಡದು.

ನಿನ್ನ
ಇಸ್ಮಾಯಿಲ


ಸವಣೂರು
2 ಜನವರಿ 2026

ಗುತ್ತೆಪ್ಪಾ,

ಮೂವತ್ತೊಂದರಂದು ಉಳವಪ್ಪ ತನ್ನ ಕೊನೆಯ ಗಾಡಿ ತಂದ. ಮಡಗಾಂವದಿಂದ ಅದರಲ್ಲೇ ಬಂದೆವು. ಎಸಿ ಬೇಡವೆಂದು ಕಿಟಕಿ ತೆರೆಯುವ ಡಬ್ಬಿಯಲ್ಲಿ.

ಕುಳೆಂನಲ್ಲಿ ಇವಳು ಎಲೆಗೆ ನೀರು ಹಾಕಲು ಇಳಿದಳು. ಈ ಸಲ ಗಂಟು ಹಿಡಿದವನು ನಾನು. ಒಂದೊಂದೇ ಎಲೆ ಹೇಗೆ ತಿರುವಬೇಕೆಂದು ಹೇಳಿಕೊಟ್ಟಳು. ನಾನು ಎರಡು ಹರಿದೆ. “ಸಾಲಿ ಮಕ್ಕಳ ಪುಸ್ತಕದ ಹಾಳಿ ಅಲ್ಲರಿ ಅದು” ಎಂದು ಬೈಸಿಕೊಂಡೆ. ಹಿಂದಿನಿಂದ ಉಳವಪ್ಪ ಹಸಿರು ನಿಶಾನೆ ಬೀಸುತ್ತ, “ಮಾಸ್ತರ್ರ, ಲಗೂನ ಹತ್ತರಿ! ಇವತ್ತ ಇಬ್ಬರನ್ನೂ ಬಿಟ್ಟ ಹೋಗಾಂವ ನಾ!” ಎಂದು ಕೂಗಿದ. ಓಡಿ ಹತ್ತಿದೆವು.

ಡಿಸೆಂಬರಿನಲ್ಲಿ ಜಲಪಾತ ಬಡವಾಗಿತ್ತು. ಆದರೂ ನೋಡಿದೆ. ಜೇಬಿನಲ್ಲಿ ಪೆನ್ನಿತ್ತು, ತೆಗೆಯಲಿಲ್ಲ.

ಹುಬ್ಬಳ್ಳಿಯಲ್ಲಿ ಕೊನೆಯ ಡಬ್ಬಿಗೆ ಚೆಂಡುಹೂ ಕಟ್ಟಿದ್ದರು. ಉಳವಪ್ಪನ ಹೆಂಡತಿ ಮಹಾದೇವಕ್ಕ ಆರತಿ ಹಿಡಿದು ನಿಂತಿದ್ದಳು. ಇವಳು ಎಲೆಯ ಗಂಟನ್ನು ಅವಳ ಉಡಿಗೆ ಹಾಕಿದಳು. ಮಹಾದೇವಕ್ಕ, “ನಮ್ಮನಿಯವರು ಅಕ್ಟೋಬರದಿಂದ ನಿಮ್ಮ ಎಲಿ ಸುದ್ದೀನ ಹೇಳಾಕತ್ತಾರ, ಸಾಕಾಗೇತಿ ನಂಗ” ಎಂದು ಇವಳನ್ನು ಅಪ್ಪಿಕೊಂಡಳು. ನಿನ್ನ ಹೆಸರಿನಲ್ಲಿ ಒಂದು ಮಾಲೆ ನಾನೇ ಹಾಕಿದೆ. ಆ ಫೋಟೋವನ್ನು ಮಹೆಕ ನಿನ್ನ ಸೊಸೆಯ ಫೋನಿಗೆ ಕಳಿಸಿದ್ದಾಳೆ.

ಒಂದು ಮಾತು ಉಳಿಯಿತು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಸವಣೂರಿನ ಬಸ್ಸಿಗೆ ಕಾಯುತ್ತ ಕೂತಾಗ ಇವಳನ್ನು ಕೇಳಿದೆ: “ಆವತ್ತ ಆ ಬಾಗಲದಾಗ ಕುಂತು ಏನೇನ ನೋಡಿದಿ?”

ನನ್ನ ಕಡೆ ತಿರುಗಿ ಕೂತಳು. “ಖರೇನ ಕೇಳಾಕತ್ತೀರೇನ್ರಿ?” ಅಂದಳು.

“ಖರೇನ.”

ಕುಳೆಂನ ನಲ್ಲಿಯಿಂದ ಶುರುಮಾಡಿದಳು. ಬಸ್ಸಿನಲ್ಲಿ ಹೇಳಿದಳು. ಮನೆಗೆ ಬಂದು ಚಹಾಕ್ಕೆ ನೀರಿಡುತ್ತ ಹೇಳಿದಳು. ನಿನ್ನೆ ಎಲೆ ತಿರುವುತ್ತ ಹೇಳಿದಳು. ಈಗಲೂ ಅಡುಗೆಮನೆಯಿಂದ, “ಬರದ ಮುಗೀತೇನ್ರಿ?” ಎಂದು ಕರೆಯುತ್ತಿದ್ದಾಳೆ. ನಾವಿನ್ನೂ ಮೂರನೆಯ ಸುರಂಗದಲ್ಲಿದ್ದೇವೆ, ಗುತ್ತೆಪ್ಪಾ. ನಾನು ಏಳುತ್ತೇನೆ.

ಇಸ್ಮಾಯಿಲ